ಹದಿಮೂರು ಎಂದು ಬರೆದ ನಕ್ಷೆ

ಅಕ್ಕ ತಮ್ಮನ ನಡುವೆ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಹಾಗಾಗಿ ಆ ಮಂಗಳವಾರ ಬೆಳಿಗ್ಗೆ ತಮ್ಮ ಏದುಸಿರು ಬಿಡುತ್ತ ಬಂದರಿನ ಕಚೇರಿಯ ಮೂರನೆಯ ಮಹಡಿಗೆ ಹತ್ತಿ ಬಂದು ಬಾಗಿಲಲ್ಲಿ ನಿಂತಾಗ ಅಕ್ಕನ ಬಾಯಿಂದ ಬಂದ ಮೊದಲ ಮಾತು, "ಅಮ್ಮಂಗೆ ಏನಾಯ್ತು?"

"ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಕೂತ್ಕೋ ಅಂತಾದ್ರೂ ಹೇಳು."

"ಕುರ್ಚಿ ಇದೆ. ನಿಂಗೆ ಕಣ್ಣೂ ಇದೆ."

ಅವಳಿಗೆ ಐವತ್ತಾರು ವರ್ಷ. ಮೂವತ್ತು ವರ್ಷದಿಂದ ಸಮುದ್ರದ ತಳ ಅಳೆಯುವುದೇ ಕೆಲಸ. ವಾರಕ್ಕೆ ಮೂರು ದಿನ ಸಣ್ಣ ದೋಣಿಯಲ್ಲಿ ಹೋಗಿ, ಯಂತ್ರದಿಂದ ನೀರಿನೊಳಗೆ ಸದ್ದು ಇಳಿಬಿಟ್ಟು, ಅದು ತಳಕ್ಕೆ ಬಡಿದು ಮರಳುವ ಹೊತ್ತನ್ನು ನೋಡಿ, ಎಲ್ಲೆಲ್ಲಿ ಎಷ್ಟು ನೀರಿದೆ ಎಂದು ನಕ್ಷೆಯ ಮೇಲೆ ಅಂಕಿ ಬರೆಯುತ್ತಿದ್ದಳು. ಆ ಅಂಕಿ ನಂಬಿಕೊಂಡು ಹಡಗುಗಳು ಒಳಗೆ ಬರುತ್ತಿದ್ದವು. ಬಂದರಿನವರು ಅವಳಿಗಿಟ್ಟ ಹೆಸರು ಆಳದಮ್ಮ. ಎದುರಿಗೆ ಗೌರವದಿಂದಲೇ ಹಾಗೆ ಕರೆದು, ಹಿಂದೆ ಮಾತ್ರ "ಆಳದಮ್ಮನ ಹತ್ರ ಸುಳ್ಳು ಹೇಳ್ಬೇಡಿ ಮಾರಾಯ್ರೆ, ತಳ ಮುಟ್ಟೋವರೆಗೂ ಬಿಡಲ್ಲ" ಎಂದು ನಗುತ್ತಿದ್ದರು.

ತಮ್ಮ ವಿದೇಶಾಂಗ ಮಂತ್ರಿಯ ಸಲಹೆಗಾರ. ಮಂತ್ರಿ ಕೆಮ್ಮಬೇಕಾದರೂ ಇವನನ್ನು ಕೇಳಿ ಕೆಮ್ಮುತ್ತಾನೆ ಎಂಬ ಮಾತು ಊರಲ್ಲಿತ್ತು. ಅವನು ಬಂದದ್ದು ಯಾಕೆಂದು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಎರಡು ತಿಂಗಳಿಂದ ಪತ್ರಿಕೆ ತೆರೆದರೆ ಅದೇ ಸುದ್ದಿ. ಉತ್ತರದಲ್ಲೊಂದು ಬಲಾಢ್ಯ ದೇಶ. ಜಲಸಂಧಿಯನ್ನು ತನ್ನ ಹಿತ್ತಲ ಕೊಳದಂತೆ ಮಾಡಿಕೊಂಡಿತ್ತು. ಅದರ ಕಾಲಿಗೆ ಹಗ್ಗ ಕಟ್ಟಬೇಕೆಂದು ಹೊರಟದ್ದು ಸಾಗರದಾಚೆಯ ಇನ್ನೊಂದು ಮಹಾಶಕ್ತಿ. ಜನ ಅದನ್ನು ದೊಡ್ಡಣ್ಣ ಎನ್ನುತ್ತಿದ್ದರು. ದೊಡ್ಡಣ್ಣನಿಗೆ ಯುದ್ಧ ಬೇಕಿರಲಿಲ್ಲ, ಬೇಲಿ ಬೇಕಿತ್ತು. ಉತ್ತರದವರ ಸುತ್ತ ಒಂದೊಂದು ದೇಶದಲ್ಲಿ ಒಂದೊಂದು ಗೂಟ ನೆಟ್ಟುಕೊಂಡು ಬಂದು, ಈಗ ಕೊನೆಯ ಗೂಟಕ್ಕೆ ಜಾಗ ಹುಡುಕುತ್ತಿತ್ತು. ಕೊಲ್ಲಿಯ ಈಚೆ ದಡದಲ್ಲಿ ಇವರ ದೇಶ, ಆಚೆ ದಡದಲ್ಲಿ ನೆರೆಯವರದು. ಯಾರ ಬಂದರಿನಲ್ಲಿ ಅದರ ಯುದ್ಧನೌಕೆ ನಿಲ್ಲುತ್ತದೋ ಅವರು ಅದರ ಆಪ್ತರು.

"ಬಂದರಿಗೆ ಒಳಬರೋ ಕಾಲುವೆ ಬಾಯಲ್ಲಿ ಎಷ್ಟು ನೀರಿದೆ?" ತಮ್ಮ ಕೇಳಿದ.

"ತಳದಲ್ಲಿರೋ ಬಂಡೆ ಮೇಲೆ ಒಂಬತ್ತು ಮೀಟರ್ ನಲವತ್ತು. ಇಳಿತದಲ್ಲಿ."

"ಅವರ ಹಡಗಿಗೆ ಹನ್ನೆರಡು ಬೇಕು."

"ಹಾಗಾದ್ರೆ ಆಚೆ ದಡಕ್ಕೆ ಹೋಗ್ಲಿ. ಅಲ್ಲಿ ಹದಿನಾರಿದೆ."

ತಮ್ಮ ಕನ್ನಡಕ ತೆಗೆದು ಒರೆಸಿದ. ಚಿಕ್ಕಂದಿನಿಂದಲೂ ಕೇಳಬಾರದ್ದನ್ನು ಕೇಳುವ ಮುಂಚೆ ಅವನು ಹೀಗೆ ಏನಾದರೂ ಒರೆಸುತ್ತಿದ್ದ. "ಹದಿಮೂರು ಅಂತ ಬರಿ."

"ಬರೆದ್ರೆ ಬಂಡೆ ಕೆಳಗೆ ಇಳಿಯತ್ತಾ?"

"ಒಪ್ಪಂದಕ್ಕೆ ಸಹಿ ಬೀಳ್ಲಿ. ಆಮೇಲೆ ಬಂಡೆ ಒಡೆಯೋಕೆ ಯಂತ್ರ ಅವರೇ ತರ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಕೇಳ್ತಿರೋದು ಒಂದೇ ಒಂದು."

"ಹೆಣ್ಣಿನ ವಯಸ್ಸು ಮುಚ್ಚಿಟ್ರೆ ಯಾರೂ ಮುಳುಗಲ್ಲ ಕಣೋ."

"ಮುಳುಗ್ತಿರೋದು ನಾವು!" ತಮ್ಮ ಮೇಜಿಗೆ ಗುದ್ದಿದ. ಪೆನ್ಸಿಲ್ಲುಗಳು ಉರುಳಿದವು. "ಉತ್ತರದವರು ಅಪ್ಪನ್ನ ಹಡಗಿಂದ ಎಳ್ಕೊಂಡು ಹೋದಾಗ ನಿಂಗೆ ಹನ್ನೆರಡು, ನಂಗೆ ಏಳು. ಹದಿನಾಲ್ಕು ತಿಂಗಳು ಒಳಗಿಟ್ಕೊಂಡ್ರು. ವಾಪಸ್ ಬಂದವನು ನಮ್ಮಪ್ಪ ಆಗಿರ್ಲಿಲ್ಲ. ಆವತ್ತು ನಮ್ಮ ಬೆನ್ನಿಗೆ ಒಬ್ಬ ದೊಡ್ಡವನು ಇದ್ದಿದ್ರೆ ಅವರಿಗೆ ಆ ಧೈರ್ಯ ಬರ್ತಿತ್ತಾ?"

"ಇದ್ದ. ದೊಡ್ಡಣ್ಣ ಆವತ್ತೂ ಇದ್ದ. ವಿಷಾದ ಪತ್ರ ಕಳ್ಸಿದ್ದ. ಅಮ್ಮ ಅದನ್ನ ಓದಿ ಒಲೆಗೆ ಹಾಕಿದ್ಲು."

ಅವರ ತಂದೆ ಪೈಲಟ್ ಆಗಿದ್ದ. ಹೊರಗಿನಿಂದ ಬರುವ ಹಡಗುಗಳನ್ನು ಹತ್ತಿ, ದಾರಿ ತೋರಿಸಿ ಒಳಗೆ ತರುವ ಕೆಲಸ. ಹನ್ನೊಂದು ವರ್ಷದ ಹಿಂದೆ ಅವನು ಸತ್ತಾಗ ತಮ್ಮ ದೊಡ್ಡಣ್ಣನ ರಾಯಭಾರ ಕಚೇರಿಯಿಂದ ದೊಡ್ಡದೊಂದು ಹೂವಿನ ಚಕ್ರ ತರಿಸಿದ್ದ. ಅಕ್ಕ ಅದನ್ನು ಬಂದ ಜನರೆದುರೇ ಎತ್ತಿ ಮೋರಿಗೆ ಎಸೆದಿದ್ದಳು. ಮಾತು ನಿಂತದ್ದು ಆವತ್ತೇ.

"ನಿಂಗೆ ಆವತ್ತಿಂದ ಒಂದೇ ಹಟ. ನಾನು ಮುಟ್ಟಿದ್ದೆಲ್ಲ ಹೊಲಸು," ತಮ್ಮ ಎದ್ದ. "ನೀನು ಬರೀದಿದ್ರೆ ಹೌದಪ್ಪ ಬರೀತಾನೆ."

ಹೌದಪ್ಪ ಎಂದರೆ ಅವಳ ಕೈಕೆಳಗಿನ ಉಪ ಅಧಿಕಾರಿ. ಮೇಲಿನವರು ಹಗಲನ್ನು ರಾತ್ರಿ ಎಂದರೆ ನಕ್ಷತ್ರ ತೋರಿಸುವ ಮನುಷ್ಯ. ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಅವನು ಬಾಗಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ತಮ್ಮ ಹೊರಬೀಳುತ್ತಲೇ ಅವನ ಹಿಂದೆಯೇ ಮೆಟ್ಟಿಲಿಳಿದ.

ಗುರುವಾರ ಆಳದಮ್ಮ ಮತ್ತೊಮ್ಮೆ ದೋಣಿ ಹತ್ತಿ ಹೋಗಿ ಬಂಡೆಯ ಮೇಲೆ ನಾಲ್ಕು ಸಲ ಅಳೆದು ಬಂದಳು. ನಾಲ್ಕು ಸಲವೂ ಒಂಬತ್ತು ನಲವತ್ತು.

ಮರುವಾರ ದೊಡ್ಡಣ್ಣನ ನಿಯೋಗ ಬಂತು. ಬಂದರಿನ ಸಭಾಂಗಣದ ಗೋಡೆಗೆ ಹೊಸ ನಕ್ಷೆ ತೂಗುಹಾಕಿದ್ದರು, ಇನ್ನೂ ಮುದ್ರಣದ ಶಾಯಿಯ ವಾಸನೆ ಹೊಡೆಯುತ್ತಿತ್ತು. ಕಾಲುವೆಯ ಬಾಯಲ್ಲಿ, ಬಂಡೆ ಇರುವ ಕಡೆ, ಹೌದಪ್ಪನ ಅಚ್ಚುಕಟ್ಟಾದ ಅಂಕಿಯಲ್ಲಿ ಹದಿಮೂರು ಎಂದಿತ್ತು. ಆಳದಮ್ಮನಿಗೆ ಬಂದಿದ್ದ ಅಪ್ಪಣೆ ಇಷ್ಟೇ: ನಕ್ಷೆಯ ಪಕ್ಕ ನಿಲ್ಲಬೇಕು, ಬಾಯಿ ಬಿಡಬಾರದು. ಮೂವತ್ತು ವರ್ಷದ ಅನುಭವಿ ಪಕ್ಕದಲ್ಲಿದ್ದರೆ ನಕ್ಷೆಗೊಂದು ಕಳೆ ಬರುತ್ತದೆ ಎಂದು ತಮ್ಮನ ಲೆಕ್ಕಾಚಾರ.

ಅವಳು ನಿಂತಳು. ಮಂತ್ರಿ ಅರ್ಧ ಗಂಟೆ ಮಾತಾಡಿದ. ಸ್ನೇಹ ಎಂಬ ಶಬ್ದ ಹದಿನೇಳು ಸಲ ಬಂತು. ಅವಳಿಗೆ ಎಣಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನಿಯೋಗದಲ್ಲಿ ಬಿಳಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನೌಕಾಧಿಕಾರಿಯೊಬ್ಬ ಅಷ್ಟು ಹೊತ್ತೂ ನಕ್ಷೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ. ಮಂತ್ರಿ ನೀರು ಕುಡಿಯಲು ನಿಲ್ಲಿಸಿದಾಗ ಅವನು ಈ ನಾಡಿನ ಮಾತಿನಲ್ಲೇ, ಸ್ವಲ್ಪ ತೊಡರುತ್ತ, ಕೇಳಿದ: "ಅಮ್ಮ, ನೀವು ಅಳತೆ ಮಾಡುವವರು. ಬಂಡೆಯ ಮೇಲೆ ಎಷ್ಟು?"

ಸಭೆಯ ಕಣ್ಣೆಲ್ಲ ಅವಳ ಮೇಲೆ. ತಮ್ಮನ ಕೈ ಕನ್ನಡಕಕ್ಕೆ ಹೋಯಿತು.

"ಒಂಬತ್ತು ಮೀಟರ್ ನಲವತ್ತು," ಎಂದಳು.

ತಮ್ಮ ಜೋರಾಗಿ ನಕ್ಕ. "ನಮ್ಮಕ್ಕ ಹಳೇ ಅಂಕಿ ಹೇಳ್ತಿದ್ದಾರೆ. ಹೋದ ವರ್ಷದ ಹೂಳೆತ್ತುವ ಕೆಲಸಕ್ಕಿಂತ ಮುಂಚಿನದು."

"ಬಂಡೆಯನ್ನ ಯಾರಾದ್ರೂ ಹೂಳೆತ್ತಿ ತೆಗೀತಾರಾ? ಮೊನ್ನೆ ಗುರುವಾರ ನಾನೇ ಅಳೆದಿದ್ದು."

ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಬಿಳಿ ಟೋಪಿಯವನ ಮುಂದೆ ಬಿಚ್ಚಿದ ಪುಸ್ತಕವಿತ್ತು, ಕೈಯಲ್ಲಿ ಲೇಖನಿಯಿತ್ತು. ಆದರೆ ಅವನು ಆ ಅಂಕಿಯನ್ನು ಬರೆದುಕೊಳ್ಳಲಿಲ್ಲ. ತಲೆಯಾಡಿಸಿ, ಪುಸ್ತಕ ಮುಚ್ಚಿದ.

ಸಂಜೆಯೊಳಗೆ ಅವಳನ್ನು ಅಮಾನತು ಮಾಡಿ ವಿಚಾರಣೆಗೆ ಆದೇಶಿಸಿದರು. ಕಚೇರಿಯ ಬೀಗದ ಕೈ, ಅಳತೆಯ ಯಂತ್ರ, ಮೂವತ್ತು ವರ್ಷದ ದಾಖಲೆ ಪುಸ್ತಕಗಳು ಎಲ್ಲವೂ ಹೌದಪ್ಪನ ವಶಕ್ಕೆ. "ಕ್ಷಮಿಸಿ ಮೇಡಂ, ಮೇಲಿಂದ ಬಂದಿದೆ," ಎಂದು ಹೇಳಿ ಅವನು ಅವಳ ಕುರ್ಚಿಯಲ್ಲಿ ಕೂತೂ ನೋಡಿದ. ಮಾರನೆಯ ದಿನದ ಪತ್ರಿಕೆಯಲ್ಲಿ ಅವಳ ಚಿತ್ರ. ಕೆಳಗೆ ಒಂದು ಪ್ರಶ್ನೆ: ಈಕೆ ಯಾರ ಕಡೆಯವಳು?

ಬೀದಿಯವರು ಉತ್ತರಕ್ಕೆ ಕಾಯಲಿಲ್ಲ. ಬೇಕರಿಯವನು ಅವಳ ಸರದಿ ಬಂದಾಗ ಬ್ರೆಡ್ಡು ಮುಗಿದಿದೆ ಎಂದ. ಅವನ ಹಿಂದೆ ಮೂರು ಸಾಲು ಬ್ರೆಡ್ಡು ಕೂತಿದ್ದವು. ಎದುರು ಮನೆಯ ನಿವೃತ್ತ ಶಿಕ್ಷಕಿ, ದಿನಾ ಬೆಳಿಗ್ಗೆ ಪತ್ರಿಕೆ ಎರವಲು ಒಯ್ಯುತ್ತಿದ್ದವಳು, ಈಗ ಇವಳನ್ನು ಕಂಡರೆ ಬಾಗಿಲನ್ನು ಕೇಳಿಸುವ ಹಾಗೆ ಮುಚ್ಚತೊಡಗಿದಳು. ಯಾರೋ ಗೇಟಿಗೆ ಸಗಣಿ ಬಳಿದರು. ತೊಳೆದಳು. ಮತ್ತೆ ಬಳಿದರು. ಮತ್ತೆ ತೊಳೆದಳು.

ತಾಯಿ ತಮ್ಮನ ಮನೆಯಲ್ಲಿದ್ದಳು. ಭಾನುವಾರ ನೋಡಲು ಹೋದರೆ ತಮ್ಮನ ಹೆಂಡತಿ ಬಾಗಿಲನ್ನು ಸರಪಳಿ ಬಿಟ್ಟಷ್ಟೇ ತೆರೆದಳು. "ಅವರು ಮಲಗಿದ್ದಾರೆ."

"ಮಲಗಿಲ್ಲ!" ಒಳಗಿನಿಂದ ಎಂಬತ್ತನಾಲ್ಕು ವರ್ಷದ ದನಿ ಬಂತು. "ಎದ್ದೇ ಇದ್ದೀನಿ ಅಂತ ಹೇಳು ಅವಳಿಗೆ. ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೆದವಳ ಮುಖ ನೋಡಲ್ಲ ಅಂತಾನೂ ಹೇಳು."

"ಅಮ್ಮಾ, ನಾನು ಸುಳ್ಳು ಹೇಳ್ಬೇಕಿತ್ತಾ?"

"ಬಾಯಿ ಮುಚ್ಕೊಂಡು ನಿಂತ್ಕೋಬೇಕಿತ್ತು. ನಿಂತ್ಕೊಳ್ಳೋಕೆ ತಾನೆ ಹೇಳಿದ್ದು?"

ಬಾಗಿಲು ಮುಚ್ಚಿತು.

ಆ ವಾರವೇ ಇನ್ನೊಬ್ಬ ಬಂದ. ಉತ್ತರದವರ ವಾಣಿಜ್ಯ ಕಚೇರಿಯ ಕಾರ್ಯದರ್ಶಿಯಂತೆ. ಬೂದುಬಣ್ಣದ ಸೂಟು, ಕೈಯಲ್ಲಿ ಹಣ್ಣಿನ ಬುಟ್ಟಿ. "ತಮ್ಮ ಧೈರ್ಯವನ್ನು ನಮ್ಮ ದೇಶ ಮರೆಯುವುದಿಲ್ಲ," ಎಂದು ಶುರುಮಾಡಿದ. ಅವಳು ಅವನಿಗೆ ಒಳಗೆ ಬಾ ಎನ್ನಲಿಲ್ಲ.

"ನಲವತ್ತನಾಲ್ಕು ವರ್ಷದ ಹಿಂದೆ ನಮ್ಮಪ್ಪನ್ನ ಹಿಡ್ಕೊಂಡು ಹೋಗಿದ್ರಲ್ಲ, ಅದನ್ನ ನೆನಪಿಟ್ಕೊಂಡಿದ್ಯಾ ನಿಮ್ಮ ದೇಶ?"

"ಅದು ಹಿಂದಿನ ಸರ್ಕಾರದ..."

"ಹಣ್ಣು ತಗೊಂಡು ನಡೀರಿ. ಇಲ್ಲಾಂದ್ರೆ ಗೇಟಿಗೆ ಬಳಿದಿರೋದನ್ನ ನಿಮ್ಮ ಸೂಟಿಗೆ ಒರೆಸ್ತೀನಿ."

ಅವನು ಹೋದ. ಆದರೆ ಅವನು ಬಂದದ್ದನ್ನು ಎದುರು ಮನೆಯ ಶಿಕ್ಷಕಿ ಕಿಟಕಿಯಿಂದ ನೋಡಿದ್ದಳು. ಅವನು ಹಣ್ಣನ್ನು ವಾಪಸು ಒಯ್ದದ್ದನ್ನೂ ನೋಡಿದ್ದಳು, ಆದರೆ ಬೀದಿಗೆ ಹೇಳಿದ್ದು ಮೊದಲ ಅರ್ಧವನ್ನು ಮಾತ್ರ.

ತಿಂಗಳೊಳಗೆ ತೀರ್ಮಾನ ಹೊರಬಿತ್ತು. ದೊಡ್ಡಣ್ಣ ಆಚೆ ದಡದವರ ಜತೆ ಸಹಿ ಹಾಕಿದ. ಪೇಟೆಯಲ್ಲಿ ಜನ ರೇಡಿಯೋ ಸುತ್ತ ನಿಂತು ಕೇಳಿದರು, ಕೇಳಿ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರ ನಾಲಿಗೆಗೂ ಒಂದೇ ಹೆಸರು ಬಂತು. ಅವಳ ಮುಂಬಾಗಿಲ ಗಾಜಿಗೆ ಕಲ್ಲು ಬಿತ್ತು.

ಗಾಜಿನ ಚೂರು ಗುಡಿಸುತ್ತಿದ್ದಾಗ ಗೇಟಿನಲ್ಲಿ ಕಾರು ನಿಂತಿತು. ಇಳಿದವನು ಬಿಳಿ ಟೋಪಿ. ನಿಯೋಗ ಮರುದಿನ ಹೊರಡುವುದಿತ್ತು. ಚೂರುಗಳನ್ನು ದಾಟಿ ಬಂದು, ಕೇಳದೆಯೇ ಬಾಗಿಲ ಬಳಿ ನಿಂತು ಹೇಳಿದ: "ಆಚೆ ದಡದಲ್ಲಿ ನಮ್ಮ ಹೊಸ ನೆಲೆಗೆ ಅಳತೆ ಮಾಡುವವರು ಬೇಕು. ನೀವು ಬಂದರೆ ಮನೆ, ಕಾರು, ಎಲ್ಲ ಕೊಡುತ್ತೇವೆ."

ಆಳದಮ್ಮ ಪೊರಕೆ ನೆಟ್ಟಗೆ ಹಿಡಿದಳು. "ಒಂದು ಕೇಳ್ತೀನಿ, ನಿಜ ಹೇಳಿ. ಆವತ್ತು ನಾನು ಅಂಕಿ ಹೇಳಿದಾಗ ನೀವು ಬರ್ಕೊಳ್ಳಲಿಲ್ಲ. ಯಾಕೆ?"

ಹೊರಡುವವನಿಗೆ ಗುಟ್ಟಿನ ಭಾರ ಕಡಿಮೆ. "ನಮಗೆ ಗೊತ್ತಿತ್ತು. ನಮ್ಮ ಜಲಾಂತರ್ಗಾಮಿಗಳು ಆ ಬಂಡೆಯ ಪಕ್ಕ ಹನ್ನೆರಡು ವರ್ಷದಿಂದ ಓಡಾಡುತ್ತಿವೆ. ನಮ್ಮ ಕಾಗದದಲ್ಲಿ ಒಂಬತ್ತು ಮೂವತ್ತೆಂಟು ಇದೆ."

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ? ಮೂರು ತಿಂಗಳು ಮಾತುಕತೆ ಯಾಕೆ?"

"ಆಚೆ ದಡದವರು ಬಹಳ ಷರತ್ತು ಹಾಕುತ್ತಿದ್ದರು. ನಮ್ಮ ಕಾರು ನಿಮ್ಮ ಬಾಗಿಲಲ್ಲಿ ನಿಂತಿರುವುದು ಅವರಿಗೆ ಕಾಣಬೇಕಿತ್ತು." ಅವನ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ, ಗಡಿಯಾರ ನೋಡಿ ಹೊತ್ತು ಹೇಳುವಂತೆ ಹೇಳಿದ. "ಕಂಡಿತು. ಷರತ್ತು ಬಿಟ್ಟರು."

ಕೆಲಸ, ಮಾನ, ತಾಯಿ, ಗೇಟಿನ ಸಗಣಿ, ಇಷ್ಟೆಲ್ಲ ಆದದ್ದು ಯಾರಿಗೂ ಬೇಡವಾಗಿದ್ದ ಒಂದು ಅಂಕಿಗಾಗಿ. ಅವಳು ಹದಿಮೂರು ಎಂದಿದ್ದರೂ ಅಷ್ಟೇ, ಮೂವತ್ತು ಎಂದಿದ್ದರೂ ಅಷ್ಟೇ.

"ಕೆಲಸದ ವಿಚಾರ?" ಎಂದ ಅವನು.

"ಹೊರಗೆ ಹೋಗುವಾಗ ಗಾಜು ನೋಡ್ಕೊಂಡು ಹೋಗಿ," ಎಂದು ಬಾಗಿಲು ಮುಚ್ಚಿದಳು.

ಅತ್ತ ಉತ್ತರದವರು ಕೈಕಟ್ಟಿ ಕೂರಲಿಲ್ಲ. ಆಚೆ ದಡದವರನ್ನು ಮುಟ್ಟುವ ಹಾಗಿಲ್ಲ, ಅವರ ಅಂಗಳದಲ್ಲಿ ಈಗ ದೊಡ್ಡಣ್ಣನಿದ್ದ. ಕೋಪ ತೀರಿಸಿಕೊಳ್ಳಲು ಉಳಿದದ್ದು ಬಯಲಲ್ಲಿ ಒಂಟಿಯಾಗಿ ನಿಂತ ಈಚೆ ದಡ. ನಮ್ಮ ವೈರಿಗೆ ಹಾಸಿಗೆ ಹಾಸಲು ಹೋದವರು ಎಂದು ಹೇಳಿ ಜಲಸಂಧಿಯನ್ನು ಇವರ ಹಡಗುಗಳಿಗೆ ಮುಚ್ಚಿದರು. ಗೋಧಿ ಬರುತ್ತಿದ್ದದ್ದು ಆ ದಾರಿಯಲ್ಲೇ, ಸಣ್ಣ ಸಣ್ಣ ಹಡಗುಗಳಲ್ಲಿ. ಮೂರು ವಾರದಲ್ಲಿ ಬೇಕರಿಯವನ ಹಿಂದಿನ ಸಾಲುಗಳು ನಿಜವಾಗಿಯೂ ಖಾಲಿಯಾದವು. ಸರ್ಕಾರ ದೂರದ ಖಂಡದಿಂದ, ಜಲಸಂಧಿ ತಪ್ಪಿಸಿ ಸುತ್ತುದಾರಿಯಲ್ಲಿ, ಒಂದು ಭಾರಿ ಹಡಗು ಗೋಧಿ ತರಿಸಿತು. ಅಷ್ಟು ದೊಡ್ಡ ಹಡಗು ಈ ಬಂದರಿಗೆ ಹಿಂದೆಂದೂ ಬಂದಿರಲಿಲ್ಲ. ನೀರಿನೊಳಗೆ ಹನ್ನೊಂದು ಮೀಟರ್ ಇಳಿಯುವ ಹಡಗು.

ಆಳದಮ್ಮ ಅದನ್ನು ಪತ್ರಿಕೆಯಲ್ಲಿ ಓದಿದಳು, ಓದಿ ಎದ್ದು ನಿಂತಳು. ಹೌದಪ್ಪನ ನಕ್ಷೆ ಗೋಡೆಯ ಮೇಲಷ್ಟೇ ಇರಲಿಲ್ಲ. ದೊಡ್ಡಣ್ಣನಿಗೆ ನಂಬಿಕೆ ಬರಲೆಂದು ಅದನ್ನು ಅಧಿಕೃತವಾಗಿ ಮುದ್ರಿಸಿ ಎಲ್ಲ ಹಡಗು ಕಂಪನಿಗಳಿಗೂ ಕಳಿಸಿದ್ದರು. ಹಿಂತೆಗೆದುಕೊಂಡರೆ ಅವಳು ಹೇಳಿದ್ದೇ ಸರಿ ಎಂದು ಒಪ್ಪಿದಂತಾಗುತ್ತದೆ, ಅವಳ ಮೇಲಿನ ವಿಚಾರಣೆ ಬಿದ್ದುಹೋಗುತ್ತದೆ. ಹಾಗಾಗಿ ಹದಿಮೂರು ಹದಿಮೂರಾಗಿಯೇ ಉಳಿದಿತ್ತು. ಉಬ್ಬರ ಪೂರ್ತಿ ಏರಿದರೂ ಬಂಡೆಯ ಮೇಲೆ ಹತ್ತೂವರೆ ಮೀಟರಿನ ಮೇಲೆ ಒಂದು ಗೇಣು ನೀರು, ಅಷ್ಟೆ.

ಅವಳು ನೇರ ಪೈಲಟ್‌ಗಳ ಕೋಣೆಗೆ ಹೋದಳು. ಹಿರಿಯ ಪೈಲಟ್ ತಲೆ ಎತ್ತಲಿಲ್ಲ. ಅವಳ ತಂದೆಯ ಕೈಕೆಳಗೆ ಕೆಲಸ ಕಲಿತವನು ಅವನು.

"ಇಲ್ಲಿಗೆ ಬರೋಕೆ ಮುಖ ಹೇಗೆ ಬಂತು ನಿಮಗೆ? ಆ ನೆಲೆ ಬಂದಿದ್ರೆ ಇಲ್ಲಿ ನಾನೂರು ಜನಕ್ಕೆ ಕೆಲಸ ಇತ್ತು. ನನ್ನ ಅಳಿಯಂಗೂ ಇತ್ತು."

"ಬೈಯೋದು ಆಮೇಲೆ ಬೈರಿ. ನಾಳೆ ಗೋಧಿ ಹಡಗು ತರೋದು ಯಾರು?"

"ನಾನೇ."

"ಬಂಡೆ ಮೇಲೆ ತಂದ್ರೆ ಕೂರತ್ತೆ."

"ನಕ್ಷೇಲಿ ಹದಿಮೂರು ಅಂತಿದೆ. ನಕ್ಷೆ ನೋಡ್ಕೊಂಡು ತಗೊಂಡ್ಬಾ ಅಂತ ಬಂದರಿನ ಮುಖ್ಯಸ್ಥರ ಆರ್ಡರ್ ಇದೆ." ಈಗ ಅವನು ತಲೆಯೆತ್ತಿದ. "ಎಂಟು ಮೀಟರಿಗಿಂತ ಹೆಚ್ಚು ಇಳಿಯೋ ಹಡಗು ನಾನು ಈ ಜನ್ಮದಲ್ಲಿ ತಂದಿಲ್ಲ. ಕೆಳಗೆ ಏನಿದೆ ಅಂತ ನಾನು ಕಂಡಿದ್ದೀನಾ? ನೀವು ಒಂದು ಹೇಳ್ತೀರಿ, ನಿಮ್ಮ ತಮ್ಮ ಒಂದು ಹೇಳ್ತಾರೆ. ನಿಮ್ಮನೆ ಜಗಳದಲ್ಲಿ ನನ್ನ ಕೆಲಸ ಯಾಕೆ ಹೋಗ್ಬೇಕು? ನಕ್ಷೆ ತಪ್ಪು ಅಂತ ಬರೆಸ್ಕೊಂಡು ಬನ್ನಿ, ನಿಲ್ಲಿಸ್ತೀನಿ."

ಅವಳು ತಮ್ಮನ ಕಚೇರಿಗೆ ಹೋದಳು. ಹೊರಕೋಣೆಯ ಗುಮಾಸ್ತ ತಡೆಯಲು ಎದ್ದ. ಅವಳು ಅವನ ಮೇಜು ಬಳಸಿಕೊಂಡು ಒಳಗೆ ನುಗ್ಗಿದಳು. ತಮ್ಮ ಇಳಿದುಹೋಗಿದ್ದ. ಕೊರಳ ಪಟ್ಟಿ ಸಡಿಲವಾಗಿತ್ತು, ಮೇಜಿನ ಮೇಲಿನ ಮೂರು ಫೋನುಗಳಲ್ಲಿ ಒಂದೂ ಬಡಿದುಕೊಳ್ಳುತ್ತಿರಲಿಲ್ಲ.

"ನಕ್ಷೆ ವಾಪಸ್ ತಗೋ," ಎಂದಳು. "ನಾನು ಸುಳ್ಳುಗಾರ್ತಿ ಅಂತಾನೇ ಬರಿ, ಬೇಕಾದ್ರೆ ನನ್ನ ಜೈಲಿಗೆ ಹಾಕು. ನಕ್ಷೆ ಮಾತ್ರ ವಾಪಸ್ ತಗೋ."

"ಆಗಲ್ಲ."

"ದೊಡ್ಡಣ್ಣಂಗೆ ಮೊದಲೇ ಗೊತ್ತಿತ್ತಂತೆ ಕಣೋ. ಆ ಅಧಿಕಾರಿ ನನ್ನ ಮನೆ ಬಾಗಿಲಲ್ಲಿ ನಿಂತು ಹೇಳ್ದ. ಆಚೆಯವರನ್ನ ಬಗ್ಗಿಸೋಕೆ ನಮ್ಮನ್ನ ಕುಣಿಸಿದ್ರು. ನನ್ನ ಮಾತಿಂದ ಏನೂ ಕೆಟ್ಟಿಲ್ಲ."

ತಮ್ಮ ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದಳು. ಅವನು ಬೆಚ್ಚಲಿಲ್ಲ. ಕನ್ನಡಕ ತೆಗೆದ, ಆದರೆ ಒರೆಸಲಿಲ್ಲ.

"ಗೊತ್ತು," ಎಂದ.

"ಏನ್ ಗೊತ್ತು?"

"ಮಾತುಕತೆ ಶುರುವಾದ ಎರಡನೇ ವಾರಕ್ಕೇ ವಾಸನೆ ಹೊಡೀತು ನಂಗೆ. ನಿನ್ನ ಹತ್ರ ಬಂದಾಗ ಗೊತ್ತಿತ್ತು. ನಾಟಕ ಆಡೋಕೆ ಬಂದವರನ್ನೂ ಒಮ್ಮೊಮ್ಮೆ ನಿಜವಾಗಿ ಹಿಡಿದು ಕೂರಿಸ್ಕೋಬಹುದು. ಹದಿಮೂರು ಅಂತಿದ್ರೆ, ಯಾರೂ ಅಲ್ಲ ಅನ್ನದಿದ್ರೆ, ಬೇಡ ಅನ್ನೋಕೆ ಅವರೂ ಒಂದು ನೆಪ ಹುಡುಕ್ಬೇಕಾಗ್ತಿತ್ತು. ನೀನು ನೆಪ ಕೊಟ್ಟೆ."

"ಗೊತ್ತಿದ್ದೂ... ನನ್ನ ಗಾಜು ಒಡೆದ್ರು. ಅಮ್ಮ ನನ್ನ ಮುಖ ನೋಡಲ್ಲ ಅಂದ್ಲು. ಗೊತ್ತಿದ್ದೂ ಸುಮ್ನೆ ಕೂತೆ?"

"ನಿನ್ನ ತಲೆ ಮೇಲೆ ಹಾಕಿದ್ರೆ ಒಬ್ಬಳ ಮಾನ ಹೋಗತ್ತೆ. ನಿಜ ಹೇಳಿದ್ರೆ ಇಡೀ ದೇಶ ಮೂರ್ಖ ಅಂತ ಆಗತ್ತೆ. ಉತ್ತರದವರು ಅದನ್ನ ನೋಡಿ ನಗ್ತಾರೆ. ನಕ್ಕವರು ಆಮೇಲೆ ಒಳಗೆ ಬರ್ತಾರೆ."

"ದೇಶ ಅಲ್ಲ ಕಣೋ. ನೀನು ಮೂರ್ಖ ಅಂತ ಆಗತ್ತೆ. ಅದಕ್ಕೆ ಹೆದರ್ತಿದ್ದೀಯ."

ತಮ್ಮನ ಮುಖ ಕಪ್ಪಿಟ್ಟಿತು. "ಆಚೆ ಹೋಗು."

"ಹಡಗಲ್ಲಿ ಇಪ್ಪತ್ತಾರು ಜನ ಇದ್ದಾರೆ. ಊರಿನ ಎರಡು ತಿಂಗಳ ಗೋಧಿ ಇದೆ. ಬಂಡೆ ಮೇಲೆ ಕೂತ್ರೆ ಕಾಲುವೆ ಮುಚ್ಚಿಹೋಗತ್ತೆ, ಆಮೇಲೆ ಒಂದು ದೋಣೀನೂ ಒಳಗೆ ಬರಲ್ಲ."

"ಆಚೆ ಹೋಗು ಅಂದೆ!"

ಅವಳು ಬರಿಗೈಯಲ್ಲಿ ಹೊರಬಂದಳು. ಬೆಳಿಗ್ಗೆ ಆರಕ್ಕೆ, ಬೆಳಕು ಹರಿಯುತ್ತಿದ್ದಂತೆ, ಪೈಲಟ್ ದೋಣಿಯ ಮೆಟ್ಟಿಲಲ್ಲಿ ನಿಂತಿದ್ದಳು. ಯಂತ್ರ ಹೌದಪ್ಪನ ಬೀರುವಿನಲ್ಲಿತ್ತು. ಅವಳ ಕೈಯಲ್ಲಿದ್ದದ್ದು ಹಳೆಯ ಕಾಲದ ಸಾಧನ: ಉದ್ದದ ಹಗ್ಗ, ತುದಿಗೆ ಮೂರು ಕಿಲೋ ಸೀಸದ ಗುಂಡು, ಮೀಟರಿಗೊಂದು ಬಟ್ಟೆಯ ಗಂಟು.

ಹಿರಿಯ ಪೈಲಟ್ ನೋಡಿ ಹಲ್ಲು ಕಡಿದ. "ಬರಹ ಎಲ್ಲಿ?"

"ಇಲ್ಲ. ದಾರೀಲೇ ಬಂಡೆ ಸಿಗತ್ತೆ. ಐದು ನಿಮಿಷ ನಿಲ್ಸಿ. ಹಗ್ಗ ನೀವೇ ಹಿಡೀರಿ. ನಾನು ಮುಟ್ಟಲ್ಲ. ಹದಿಮೂರು ಬಂದ್ರೆ ನನ್ನನ್ನ ಅಲ್ಲೇ ಸಮುದ್ರಕ್ಕೆ ತಳ್ಳಿ."

"ತಳ್ಳಿದ್ರೆ ನೀವು ಬಿದ್ದಲ್ಲೂ ಆಳ ಅಳೀತೀರಿ," ಎಂದು ಗೊಣಗಿದ. ಆದರೆ ಹತ್ತಬೇಡ ಎನ್ನಲಿಲ್ಲ.

ಕಾಲುವೆಯ ಬಾಯಲ್ಲಿ ಅಲೆ ಇತ್ತು. ದೋಣಿ ಒಂದೆಡೆ ನಿಲ್ಲಲೊಲ್ಲದು. ದಡದ ದೀಪಕಂಬ ಮತ್ತು ಗೋದಾಮಿನ ಚಿಮಣಿ ಒಂದೇ ಗೆರೆಗೆ ಬರುವವರೆಗೆ ಅವಳು ಕೈಸನ್ನೆ ಮಾಡುತ್ತ ಹೋಗಿ, "ಈಗ" ಎಂದಳು. ಪೈಲಟ್ ಗುಂಡನ್ನು ಇಳಿಬಿಟ್ಟ. ಹಗ್ಗ ಅವನ ಕೈಯೊಳಗಿಂದ ಜಾರಿತು. ಗಂಟುಗಳನ್ನು ಅವನೇ ಎಣಿಸಿದ. ಏಳು, ಎಂಟು, ಒಂಬತ್ತು. ಹತ್ತನೆಯ ಗಂಟು ನೀರಿಗೆ ಮುಟ್ಟಿ ಸ್ವಲ್ಪ ಒಳಗೆ ಹೋಯಿತು. ಆಗ ಹಗ್ಗ ಸಡಿಲಾಯಿತು. ಅವನು ಎತ್ತಿ ಮತ್ತೆ ಇಳಿಬಿಟ್ಟ. ಹೂಳಿಗೆ ಬಿದ್ದರೆ ಗುಂಡು ಮೆತ್ತಗೆ ಕೂರುತ್ತದೆ, ಇದು ಟಣ್ಣೆಂದು ಬಡಿದದ್ದು ಅವನ ಮೊಣಕೈಯವರೆಗೂ ಬಂತು. ಮೂರನೆಯ ಸಲ, ನಾಲ್ಕನೆಯ ಸಲ. ಐದನೆಯ ಸಲ ಹಗ್ಗ ಎಳೆದುಕೊಂಡು, ಗುಂಡಿನ ತಳದ ಹೊಸ ಗೀರನ್ನು ಹೆಬ್ಬೆರಳಲ್ಲಿ ಸವರಿದ.

"ಹತ್ತು ಚಿಲ್ಲರೆ. ಉಬ್ಬರದಲ್ಲಿ," ಎಂದ.

ದೂರದಲ್ಲಿ ಗೋಧಿ ಹಡಗು ಕಾಣುತ್ತಿತ್ತು, ನಿಧಾನವಾಗಿ, ಬೀದಿಯೊಂದು ಎದ್ದು ತೇಲಿಬಂದಂತೆ. ಪೈಲಟ್ ರೇಡಿಯೋ ಎತ್ತಿಕೊಂಡ. ಕಾಲುವೆಗೆ ಬರಬೇಡಿ, ಅಲ್ಲೇ ಲಂಗರು ಹಾಕಿ ಎಂದು ಹೇಳಿದ. ಆಚೆಯಿಂದ ಕ್ಯಾಪ್ಟನ್ ಕೋಪದಿಂದ ಏನೋ ಕೂಗಿದ. "ನಿಮ್ಮ ನಕ್ಷೆ ಹರಿದು ಹಾಕಿ," ಎಂದು ಪೈಲಟ್ ಮತ್ತೂ ಜೋರಾಗಿ ಕೂಗಿದ. ಹಡಗು ನಿಂತಿತು. ದೋಣಿ ದಡಕ್ಕೆ ಮರಳಿತು. ಇಳಿಯುವಾಗ ಅವನು ಹೇಳಿದ್ದಿಷ್ಟೇ: "ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ನಂಗೆ."

"ಹೋಗ್ಲಿ ಅಂತ ನಾನು ಕೇಳ್ಳಿಲ್ಲ," ಎಂದಳು ಅವಳು.

ಗೋಧಿಯನ್ನು ಸಣ್ಣ ದೋಣಿಗಳಲ್ಲಿ ಇಳಿಸಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಜನ ಬೇಕರಿಯ ಮುಂದೆ ಸಾಲು ನಿಂತು, ಬಾಗಿಲಿಗೆ ಬಂದ ಗೋಧಿಯನ್ನು ಹೊರಗೆ ನಿಲ್ಲಿಸಿದವಳು ಎಂದು ಅವಳಿಗೆ ಶಾಪ ಹಾಕಿದರು. ಮುಳುಗಿದ ಹಡಗನ್ನು ಜನ ನೋಡಬಲ್ಲರು. ಮುಳುಗದ ಹಡಗನ್ನು ತೋರಿಸುವುದು ಹೇಗೆ? ಪೈಲಟ್‌ಗೆ ಹದಿನೈದು ದಿನದ ಅಮಾನತು. ಅವಳಿಗೆ ಕಡ್ಡಾಯ ನಿವೃತ್ತಿ. ಮಳೆಗಾಲ ಮುಗಿಯುವ ಹೊತ್ತಿಗೆ ಮಂತ್ರಿ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಸಲಹೆಗಾರನ ಕುತ್ತಿಗೆ ಕೊಟ್ಟ. ಉತ್ತರದವರ ಜತೆ ರಾಜಿಗೆ ಹೊಸ ಸಲಹೆಗಾರ ಬಂದ, ಜಲಸಂಧಿ ಅರ್ಧ ತೆರೆಯಿತು. ಆಚೆ ದಡದಲ್ಲಿ ದೊಡ್ಡಣ್ಣನ ನೌಕೆಗಳ ದೀಪ ಸಂಜೆಯಾದರೆ ಸಾಲಾಗಿ ಕಾಣುತ್ತಿತ್ತು. ಅಲ್ಲಿನ ಮೀನುಗಾರರನ್ನು ಅವರದೇ ದಡದಿಂದ ಎಬ್ಬಿಸಿದರಂತೆ ಎಂಬ ಸುದ್ದಿ ಬಂತು. ಈಚೆ ದಡದವರು ಅದನ್ನು ಓದಿ ಸಂತೋಷಪಟ್ಟರು.

ಒಂದು ಮಧ್ಯಾಹ್ನ ತಮ್ಮ ತಾಯಿಯನ್ನು ಕರೆದುಕೊಂಡು ಅವಳ ಮನೆಗೆ ಬಂದ. ಸರ್ಕಾರಿ ಮನೆ ಬಿಡಬೇಕಾಗಿತ್ತು. ಹೆಂಡತಿಯ ತವರಿಗೆ ಹೋಗುತ್ತಿದ್ದ. ಅಲ್ಲಿಗೆ ಬರುವುದಿಲ್ಲವೆಂದು ತಾಯಿ ಹಟ ಹಿಡಿದಿದ್ದಳಂತೆ. ಪೆಟ್ಟಿಗೆಯನ್ನು ಹೊಸಿಲ ಒಳಗಿಟ್ಟು, ತಾನು ಹೊರಗೇ ನಿಂತ.

"ಗೆದ್ದೆ ಅನ್ಸತ್ತಾ ನಿಂಗೆ?" ಎಂದ.

"ಅಮ್ಮನ ಮಾತ್ರೆ ಎಲ್ಲಿದೆ?"

"ಪೆಟ್ಟಿಗೇಲಿ, ಮೇಲೇ ಇದೆ." ಸ್ವಲ್ಪ ತಡೆದು, ಗೇಟಿನ ಕಡೆ ನೋಡುತ್ತ ಕೇಳಿದ: "ಆ ಹಡಗು... ಬಂದಿದ್ರೆ ನಿಜವಾಗ್ಲೂ ಬಂಡೆ ಮೇಲೆ ಕೂರ್ತಿತ್ತಾ?"

"ಆವತ್ತೇ ಹೇಳಿದ್ದೆ."

ಅವನು ತಲೆಯಾಡಿಸಿದನೋ ಇಲ್ಲವೋ, ಬೆನ್ನು ತಿರುಗಿದ್ದರಿಂದ ಕಾಣಲಿಲ್ಲ. ನಡೆದುಹೋದ. ಅವಳು ಕರೆಯಲಿಲ್ಲ. ಕ್ಷಮಿಸುವಷ್ಟು ಮನಸ್ಸು ಅವಳಿಗೆ ಬಂದಿರಲಿಲ್ಲ, ಬರುತ್ತದೆಂಬ ನಂಬಿಕೆಯೂ ಇರಲಿಲ್ಲ.

ತಾಯಿ ಕುರ್ಚಿಯಲ್ಲಿ ಕೂತು ಕೋಣೆಯನ್ನೊಮ್ಮೆ ಸುತ್ತ ನೋಡಿದಳು. "ನಿನ್ನ ಜತೆ ನಾನು ಮಾತಾಡಲ್ಲ," ಎಂದಳು. ಆಮೇಲೆ ಅರ್ಧ ನಿಮಿಷವೂ ಆಗಿರಲಿಲ್ಲ, "ಊಟ ಆಯ್ತಾ ಅಂತ ಒಂದು ಮಾತು ಕೇಳ್ಬಹುದಿತ್ತು ಅವನಿಗೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಆಳದಮ್ಮ ಪೆಟ್ಟಿಗೆ ತೆರೆದು ತಾಯಿಯ ಬಟ್ಟೆಗಳನ್ನು ಒಂದೊಂದಾಗಿ ಬೀರುವಿನಲ್ಲಿಡತೊಡಗಿದಳು.